ಮೂವತ್ತಾರು ಸೈಕಲ್ಲುಗಳ ನೇಯ್ಗೆ

ಏಳು ನಲವತ್ತರ ಬಸ್ಸಿಗೆ ನಾನು ಏಳು ಮೂವತ್ತಾರಕ್ಕೆ ಪೇಟೆ ಬೀದಿಯಲ್ಲಿ ಇರುತ್ತಿದ್ದೆ. ಮೂವತ್ತೈದಕ್ಕೂ ಅಲ್ಲ, ಮೂವತ್ತೇಳಕ್ಕೂ ಅಲ್ಲ. ನರ್ಸಿಂಗ್ ತರಬೇತಿಯ ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಯುತ್ತಿದ್ದರು. ಐದೂ ಹತ್ತಕ್ಕೆ ಮೇಟ್ರನ್ ಬಂದು ಹೊದಿಕೆಯ ಮೂಲೆ ಹಿಡಿದು ಎಳೆದು ನೋಡುತ್ತಿದ್ದರು. ಮೂಲೆ ಸಡಿಲವಿದ್ದರೆ ಹಾಸಿಗೆ ಪೂರ್ತಿ ಕಿತ್ತು ಮತ್ತೆ ಹಾಸಬೇಕು. ಮೂರು ವರ್ಷ ಹಾಗೆ ಬದುಕಿದವಳಿಗೆ ಆಮೇಲೆ ಬೇರೆ ಥರ ಬದುಕಲು ಬರುವುದಿಲ್ಲ. ಈಗಲೂ ನಮ್ಮ ಮನೆಗೆ ಬಂದ ನೆಂಟರು ಮಲಗಲು ಹೋಗಿ, ಬಿಗಿಯಾಗಿ ಸಿಕ್ಕಿಸಿದ ಹೊದಿಕೆಯೊಳಗೆ ಕಾಲು ತೂರಿಸಲಾಗದೆ ನನ್ನನ್ನು ಕೂಗುತ್ತಾರೆ.

ಇದು ದೊಡ್ಡಬಳ್ಳಾಪುರದ ಮಾತು, ತೊಂಬತ್ತರ ದಶಕದ ಮೊದಲ ವರ್ಷಗಳದ್ದು. ನನ್ನ ಕೆಲಸ ಸಾಸಲು ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ. ಮನೆ ಊರಿನ ಇನ್ನೊಂದು ತುದಿಯ ನೇಕಾರರ ಬೀದಿಯಲ್ಲಿ. ನಲ್ಲಿ ನೀರು ಆರೂಮುಕ್ಕಾಲಿಗೆ ಬಂದು ಏಳೂಕಾಲಿಗೆ ನಿಲ್ಲುತ್ತಿತ್ತು. ನೀರು ಹಿಡಿಯದೆ ಹೊರಡುವಂತಿಲ್ಲ. ಹಿಡಿದ ಮೇಲೆ ನಡೆದು ಹೋದರೆ ಬಸ್ಸು ಸಿಕ್ಕುವಂತಿಲ್ಲ. ಆದ್ದರಿಂದ ನನಗೆ ಸೈಕಲ್ಲು ಬೇಕೇ ಬೇಕಿತ್ತು. ನಡುವೆ ಅಡ್ಡ ಕೊಳವೆಯಿಲ್ಲದ ಲೇಡೀಸ್ ಸೈಕಲ್ಲು, ಹಿಂದೆ ಸೀರೆ ಸಿಕ್ಕದಂತೆ ಜಾಲರಿ, ಮುಂದೆ ಬುಟ್ಟಿ. ಹತ್ತು ನಿಮಿಷದ ದಾರಿ.

ಸೈಕಲ್ಲು ತುಳಿಯುವುದು ಕಷ್ಟವಾಗಿರಲಿಲ್ಲ, ನಿಲ್ಲಿಸುವುದು ಕಷ್ಟ. ಪೇಟೆ ಬೀದಿಯಲ್ಲಿ ಸೈಕಲ್ಲಿಗೆಂದು ಒಂದು ಗೇಣು ಜಾಗವಿರಲಿಲ್ಲ. ಸೀರೆ ಅಂಗಡಿಗೆ ಗಂಟು ತರುವ ನೇಕಾರರು, ಸಂತೆಗೆ ಬಂದವರು, ಬಸ್ಸು ಹಿಡಿಯುವ ನನ್ನಂಥವರು ಎಲ್ಲರೂ ಒಂದು ಹಳೆಯ ಉಗ್ರಾಣದ ಗೋಡೆಗೆ ಸೈಕಲ್ಲು ಒರಗಿಸುತ್ತಿದ್ದರು. ಮೊದಲು ಬಂದವನದು ಗೋಡೆಗೆ, ಎರಡನೆಯವನದು ಮೊದಲಿನದಕ್ಕೆ, ಮೂರನೆಯದು ಎರಡನೆಯದಕ್ಕೆ. ಕೊನೆಗೆ ಬೀದಿಯ ನಡುವಿನವರೆಗೂ ಸೈಕಲ್ಲು. ಯಾವುದೋ ಮೇಕೆ ಬಂದು ಮೈ ಉಜ್ಜಿದರೆ ಸಾಕು, ಎಲ್ಲವೂ ಸಾಲಾಗಿ ಮಲಗುತ್ತಿದ್ದವು. ಆ ಸದ್ದಿಗೆ ಬೀದಿಯವರು ಯಾರೂ ತಲೆ ಎತ್ತುತ್ತಿರಲಿಲ್ಲ. ಊರಿನ ನೇಕಾರರು ತಮ್ಮ ತಮ್ಮ ಮಗ್ಗದ ತುಂಡು ಬಟ್ಟೆಯಲ್ಲೇ ಸೀಟಿಗೆ ಕವಚ ಹೊಲಿಸಿಕೊಳ್ಳುತ್ತಿದ್ದರು. ಜರಿಯಂಚು, ಚೌಕಳಿ, ಮಾವಿನಕಾಯಿ ಬುಟ್ಟಾ. ಬಿದ್ದ ರಾಶಿ ದೂರದಿಂದ ಮದುವೆ ಮನೆಯ ಸೀರೆ ಒಣಹಾಕಿದಂತೆ ಕಾಣುತ್ತಿತ್ತು.

ಒಂದು ಸಂಜೆ ಕೆಲಸದಿಂದ ಬಂದು ಬಸ್ಸಿಳಿದರೆ ಗೋಡೆ ಬೋಳಾಗಿತ್ತು. ದಾರಿಗೆ ಅಡ್ಡ ಎಂದು ಪುರಸಭೆಯವರು ಸೈಕಲ್ಲುಗಳನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿಕೊಂಡು ತಮ್ಮ ಕಾಂಪೌಂಡಿಗೆ ಒಯ್ದಿದ್ದರು. ಮರುದಿನ ನಡೆದು ಹೋದೆ, ಬಸ್ಸು ತಪ್ಪಿತು, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿತ್ತು. ಅದರ ಮರುದಿನ ಸೈಕಲ್ಲು ಬಿಡಿಸಿಕೊಂಡು ಬರಲು ಹೋದೆ. ಅಲ್ಲಿ ಎಲ್ಲವೂ ಕಪ್ಪು, ಎಲ್ಲವೂ ಒಂದೇ ಎತ್ತರ, ರಾಶಿಯ ತಳದಲ್ಲಿ ನನ್ನ ಬುಟ್ಟಿ ರೊಟ್ಟಿಯಷ್ಟು ಚಪ್ಪಟೆಯಾಗಿ ಕಂಡಿತು. ಅಂದೂ ತಡವಾಯಿತು. ಎರಡನೆಯ ಕೆಂಪು ಗೆರೆ.

ನಮ್ಮ ಡಾಕ್ಟರು ಜೋರು ಮಾಡುವವರಲ್ಲ. ಅವರು ಮೆಲ್ಲಗೆ ಮಾತನಾಡಿದಾಗಲೇ ಹೆದರಬೇಕು.

"ಸಿಸ್ಟರ್, ರೂಲ್ಸ್ ಪ್ರಕಾರ ನೀವು ಇಲ್ಲೇ ವಾಸ ಇರ್ಬೇಕು," ಎಂದರು. "ನೀವು ಟೈಮಿಗೆ ಬರ್ತೀರಿ ಅಂತ ನಾನು ಸುಮ್ನಿದ್ದೆ. ಈ ತಿಂಗ್ಳಲ್ಲಿ ಇನ್ನೊಂದ್ಸಲ ಲೇಟಾದ್ರೆ ಕ್ವಾರ್ಟರ್ಸಿಗೆ ಬಂದ್ಬಿಡಿ."

ಕ್ವಾರ್ಟರ್ಸ್ ಎಂದರೆ ಕೇಂದ್ರದ ಹಿಂದಿನ ಒಂದು ಕೋಣೆ. ಅದರಲ್ಲಿ ಆಗ ಕಾವಲುಗಾರನ ಎರಡು ಮೇಕೆಗಳು ವಾಸವಾಗಿದ್ದವು. ಮೇಕೆಗಳನ್ನು ಎಬ್ಬಿಸಬಹುದಿತ್ತು. ಆದರೆ ನನ್ನ ಇಬ್ಬರು ಹೆಣ್ಣುಮಕ್ಕಳು ದೊಡ್ಡಬಳ್ಳಾಪುರದ ಶಾಲೆಯಲ್ಲಿದ್ದರು. ಯಜಮಾನರಿಗೆ ಮಿಲ್ಲಿನಲ್ಲಿ ಪಾಳಿ ಕೆಲಸ. ನಾನು ವಾರಕ್ಕೊಮ್ಮೆ ಬಂದುಹೋಗುವ ನೆಂಟಳಾಗಬೇಕಾಗುತ್ತಿತ್ತು. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ವಿಷಯ ಹೇಳಿದೆ. ಚಿಕ್ಕವಳು ಮೇಕೆಗಳ ಬಣ್ಣ ಕೇಳಿದಳು. ದೊಡ್ಡವಳು ಊಟ ಬಿಟ್ಟು ಎದ್ದಳು.

ಆದ್ದರಿಂದ ಪೇಟೆ ಬೀದಿಯಲ್ಲಿ ಸೈಕಲ್ಲಿಗೆ ಜಾಗ ಬೇಕು ಎಂಬ ಹೋರಾಟಕ್ಕೆ ನಾನು ಇಳಿದದ್ದು ಲೋಕದ ಉದ್ಧಾರಕ್ಕಲ್ಲ. ಏಳು ಮೂವತ್ತಾರಕ್ಕೆ ಸೈಕಲ್ಲು ಬಿಟ್ಟು ಏಳು ನಲವತ್ತಕ್ಕೆ ಬಸ್ಸು ಹತ್ತಬೇಕು, ಅಷ್ಟೇ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನೇಕಾರರಿದ್ದರು, ನಾಲ್ಕು ವಿದ್ಯುತ್ ಮಗ್ಗಗಳ ಒಡೆಯರು. ಬೆಳಗಿನಿಂದ ಸಂಜೆಯವರೆಗೆ ಆ ಮಗ್ಗಗಳ ಸದ್ದಿನಲ್ಲಿ ಮಾತನಾಡಿ ಮಾತನಾಡಿ, ಸದ್ದಿಲ್ಲದ ಕಡೆಯೂ ಅವರು ಕೂಗಿಯೇ ಮಾತನಾಡುತ್ತಿದ್ದರು. ಅವರ ಸೈಕಲ್ಲನ್ನೂ ಟ್ರ್ಯಾಕ್ಟರು ಒಯ್ದಿತ್ತು. ನಾನು ಅರ್ಜಿ ಬರೆದೆ, ಅವರು ಸಹಿ ಕೂಡಿಸಿದರು. ಮೂವತ್ತೈದು ಸಹಿಯಾದವು. ಅರ್ಜಿಯನ್ನು ನಾನು ಮೂರು ಸಲ ಬರೆದೆ, ಏಕೆಂದರೆ ಎರಡು ಸಲ ಸಹಿ ಮಾಡಿದವರು ಗೆರೆಯ ಮೇಲೆ ಮಾಡಿರಲಿಲ್ಲ.

ಪುರಸಭೆಯ ಮುಖ್ಯಾಧಿಕಾರಿಗಳು ಹೊಸಬರು, ತೆಳ್ಳಗಿನ ಮನುಷ್ಯ, ಎಲ್ಲವನ್ನೂ ಕಣ್ಣಾರೆ ನೋಡಿಯೇ ಸಹಿ ಹಾಕುವವರೆಂದು ಹೆಸರಾಗಿದ್ದರು. ನಾವು ಹೋದಾಗ ಅವರ ಮುಂದೆ ಟೆಂಪೋ ಚಾಲಕರು ನಾಲ್ಕು ಜನ ಕೂತಿದ್ದರು. ಅವರಿಗೂ ಅದೇ ಜಾಗ ಬೇಕು: ಉಗ್ರಾಣದ ಗೋಡೆಯ ಪಕ್ಕ, ಮೋರಿಯ ಕಲ್ಲಿನಿಂದ ವಿದ್ಯುತ್ ಕಂಬದವರೆಗೆ ಹದಿನೆಂಟು ಅಡಿ. ಅಧಿಕಾರಿಗಳು ಎರಡೂ ಅರ್ಜಿ ಓದಿದರು. ಸೈಕಲ್ಲಿನವರು ಜಾಗ ಕೇಳುತ್ತಾರೆ, ಕೊಟ್ಟರೆ ಮತ್ತೆ ರಾಶಿ ಹಾಕುತ್ತಾರೆ ಎಂದು ಟೆಂಪೋದವರು ಗೊಣಗಿದರು. ಶಿಸ್ತಾಗಿ ನಿಲ್ಲಿಸುತ್ತೇವೆ, ನಾವೇ ಸ್ಟ್ಯಾಂಡು ಮಾಡಿಸುತ್ತೇವೆ ಎಂದು ನಾನು ಹೇಳಿದೆ.

"ಸರಿ, ಮಾಡ್ಸಿ," ಎಂದರು ಅಧಿಕಾರಿಗಳು. "ಮುಂದಿನ ಸೋಮವಾರ ಬೆಳಿಗ್ಗೆ ಏಳಕ್ಕೆ ನಾನೇ ಸೈಕಲ್ ತರ್ತೀನಿ. ನಾನೇ ಹಾಕ್ತೀನಿ, ನಾನೇ ತೆಗೀತೀನಿ. ಎರಡೂ ಆದ್ರೆ ಜಾಗ ನಿಮ್ದು. ಆಗ್ದಿದ್ರೆ ಟೆಂಪೋದವ್ರಿಗೆ."

ಹೊರಗೆ ಬಂದ ಮೇಲೆ ಟೆಂಪೋದವರಲ್ಲೊಬ್ಬ ನಮ್ಮ ನೇಕಾರರಿಗೆ, "ಏನಣ್ಣಾ, ಸೈಕಲ್ಗೂ ಸೀರೆ ಉಡಿಸ್ತೀರಾ?" ಎಂದ. ನೇಕಾರರು ತಿರುಗಿ ಉಗ್ರಾಣದ ಗೋಡೆಯ ಕಡೆ ನಡೆದರು. ಅವರ ತಲೆಯಲ್ಲಿ ಆಗಲೇ ಅಳತೆ ಶುರುವಾಗಿತ್ತು.

ಮಗ್ಗದಲ್ಲಿ ಹಣಿಗೆ ಎಂದು ಒಂದಿರುತ್ತದೆ. ಬಾಚಣಿಗೆಯಂಥದು, ಉದ್ದಕ್ಕೆ ಸಣ್ಣ ಸಣ್ಣ ಸಂದು. ಉದ್ದದೆಳೆಗಳು ಒಂದೊಂದು ಸಂದಿನಲ್ಲಿ ತೂರಿ ಸಾಲಾಗಿ ನಿಲ್ಲುತ್ತವೆ. ಸಂದು ದಟ್ಟವಾದಷ್ಟೂ ಬಟ್ಟೆ ಗಟ್ಟಿ, ನೇಕಾರನಿಗೆ ಮರ್ಯಾದೆ. ನಮ್ಮ ನೇಕಾರರು ಸೈಕಲ್ ಸ್ಟ್ಯಾಂಡನ್ನು ಒಂದು ದೊಡ್ಡ ಹಣಿಗೆ ಎಂದೇ ತಿಳಿದರು. ಅವರ ಪ್ರಕಾರ ಒಂದು ಸಂದಿಗೆ ಒಂದು ಸೈಕಲ್ಲು, ಹದಿನೆಂಟು ಅಡಿಗೆ ಎಷ್ಟು ಕೂತರೆ ಅಷ್ಟು ಗೌರವ. ಟೇಪು ತರಲು ನನಗೆ ಹೇಳಿದರು. ಎಳೆ ಎಷ್ಟು ದಪ್ಪ ನೋಡಿ ಎಂದರು. ನಾನು ಟೈರಿನ ದಪ್ಪ ಅಳೆದೆ. ಹತ್ತು ಸೈಕಲ್ಲುಗಳ ಟೈರು ಅಳೆದು, ಪಟ್ಟಿ ಮಾಡಿ, ಅತಿ ದಪ್ಪದ್ದನ್ನು ಕೆಂಪು ಮಸಿಯಲ್ಲಿ ಬರೆದು ಕೊಟ್ಟೆ. ಹ್ಯಾಂಡಲ್ಲು ಅಳೆಯಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನೂಲಿನೆಳೆಗೆ ಹ್ಯಾಂಡಲ್ಲು ಇರುವುದಿಲ್ಲವಷ್ಟೆ. ನಾನಾದರೂ ಯೋಚಿಸಬಹುದಿತ್ತು. ಆದರೆ ಅಷ್ಟು ಚೆನ್ನಾದ ಪಟ್ಟಿ ಮಾಡಿದ ಮೇಲೆ ಯೋಚಿಸುವ ಅಗತ್ಯ ಕಾಣಲಿಲ್ಲ.

ಅರ್ಧ ಅಡಿಗೊಂದು ಸಂದು, ಒಟ್ಟು ಮೂವತ್ತಾರು. ಹಳೆಯ ಕೈಮಗ್ಗದ ಎರಡು ತೊಲೆಗಳಿಗೆ ತೂತು ಕೊರೆದು ಕಬ್ಬಿಣದ ಸರಳು ನಿಲ್ಲಿಸಿದರು. ಒಂದು ಸೈಕಲ್ಲಿನ ಮುಂದಿನ ಚಕ್ರ ಒಳಗೆ, ಪಕ್ಕದ್ದರ ಹಿಂದಿನ ಚಕ್ರ ಒಳಗೆ, ಮತ್ತೆ ಮುಂದಿನದು, ಮತ್ತೆ ಹಿಂದಿನದು. ಇದು ನೇಯ್ಗೆಯಲ್ಲಿ ಒಂದೆಳೆ ಮೇಲೆ ಒಂದೆಳೆ ಕೆಳಗೆ ಬರುವ ಕ್ರಮವಂತೆ. ನಾನು ಪ್ರತಿ ಸಂದಿನ ಸರಳಿನ ಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಮೂವತ್ತಾರರವರೆಗೆ ಸಂಖ್ಯೆ ಬರೆದೆ. ಒಂದು ನಿಯಮಗಳ ಹಲಗೆಯನ್ನೂ ಬರೆದು ತೂಗುಹಾಕಿದೆ: ನಿಲ್ಲಿಸಿದ ಸೈಕಲ್ಲಿನ ಗಂಟೆ ಬಾರಿಸಬಾರದು, ಸೀಟಿನ ಮೇಲೆ ತರಕಾರಿ ಇಡಬಾರದು, ಇತ್ಯಾದಿ. ಶನಿವಾರ ಸಂಜೆ ಪರೀಕ್ಷೆ ಮಾಡಿದೆವು. ನನ್ನ ಸೈಕಲ್ಲನ್ನು ಹತ್ತನೇ ಸಂದಿಗೆ ಹಾಕಿದೆವು, ತೆಗೆದೆವು. ಇಪ್ಪತ್ತಕ್ಕೆ ಹಾಕಿದೆವು, ತೆಗೆದೆವು. ಬೆಣ್ಣೆಯಂತೆ ಹೋಗಿ ಬೆಣ್ಣೆಯಂತೆ ಬಂತು. ಒಂದೇ ಸೈಕಲ್ಲಿಟ್ಟು ಪರೀಕ್ಷೆ ಮಾಡಿದ್ದೇವೆಂದು ಯಾರಿಗೂ ಅನ್ನಿಸಲಿಲ್ಲ.

ನೇಕಾರರ ಹೆಂಡತಿ ಮಾತ್ರ ಬಂದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಅವರು ಸಿಕ್ಕುಬಿದ್ದ ನೂಲಿನ ಲಡಿ ಬಿಡಿಸುವುದರಲ್ಲಿ ಬೀದಿಗೇ ಹೆಸರಾದವರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ.

"ಹಾಕೋದು ಸರಿ," ಎಂದರು ಅಕ್ಕ. "ಇದನ್ನ ಬಿಚ್ಚೋದು ಹೆಂಗೆ?"

"ನೇಯ್ದಿದ್ದನ್ನ ಯಾರಾದ್ರೂ ಬಿಚ್ತಾರೇನೇ?" ಎಂದರು ಗಂಡ. ಅಕ್ಕ ನಕ್ಕು ಒಲೆಯ ಮೇಲಿನ ಸಾರು ನೋಡಲು ಹೋದರು.

ಸೋಮವಾರ ನೀರು ಹಿಡಿಯುವ ಕೆಲಸವನ್ನು ಯಜಮಾನರಿಗೆ ವಹಿಸಿ ನಾನು ಆರೂಕಾಲಿಗೇ ಬೀದಿಯಲ್ಲಿದ್ದೆ. ಅಧಿಕಾರಿಗಳು ಬರುವಾಗ ಸ್ಟ್ಯಾಂಡು ತುಂಬಿರಬೇಕು, ಖಾಲಿ ಮಗ್ಗ ತೋರಿಸುವುದು ಅಪಶಕುನ ಎಂದು ನೇಕಾರರ ಅಭಿಪ್ರಾಯ. ಅರ್ಜಿಗೆ ಸಹಿ ಹಾಕಿದವರೆಲ್ಲ ಸೈಕಲ್ಲು ತಂದರು. ನಾನು ನೋಟ್‌ಬುಕ್ಕಿನಲ್ಲಿ ವಾರ್ಡಿನ ಚಾರ್ಟಿನಂತೆ ಗೆರೆ ಹಾಕಿಕೊಂಡಿದ್ದೆ: ಸಂದಿನ ಸಂಖ್ಯೆ, ಸೀಟಿನ ಬಣ್ಣ, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ. ಬಂದವರು ಮೊದಲಿನಿಂದ ಕ್ರಮವಾಗಿ ತುಂಬಿದರೇ? ಇಲ್ಲ. ಒಬ್ಬನಿಗೆ ಏಳು ಅದೃಷ್ಟದ ಸಂಖ್ಯೆ, ಒಬ್ಬನಿಗೆ ನೆರಳು ಬೇಕು, ಒಬ್ಬನಿಗೆ ಭಾವನ ಪಕ್ಕ ಬೇಡ. ಹೀಗೆ ಅಲ್ಲೊಂದು ಇಲ್ಲೊಂದು ಸೇರಿದವು. ನಾನು ಪ್ರತಿಯೊಂದನ್ನೂ ಬರೆದುಕೊಂಡೆ.

ಮೊದಲ ಎಂಟು ಸಲೀಸಾಗಿ ಹೋದವು. ಹನ್ನೆರಡನೆಯದರಿಂದ ಹ್ಯಾಂಡಲ್ಲು ಓರೆ ಮಾಡಬೇಕಾಯಿತು. ಇಪ್ಪತ್ತನೆಯದಕ್ಕೆ ಇಬ್ಬರು ಬೇಕಾದರು, ಮೂವತ್ತನೆಯದಕ್ಕೆ ನಾಲ್ವರು. ಒಂದರ ಪೆಡಲು ಇನ್ನೊಂದರ ಕಡ್ಡಿಗಳ ನಡುವೆ, ಒಂದರ ಬ್ರೇಕು ಇನ್ನೊಂದರ ಕ್ಯಾರಿಯರಿನೊಳಗೆ. ಯಾರಿಗೂ ಅನುಮಾನ ಬರಲಿಲ್ಲ. ನೇಕಾರರಂತೂ ಹಿಂದೆ ಸರಿದು, ತಲೆ ವಾಲಿಸಿ ನೋಡಿ, "ಬಿಗಿ ಬಂತು," ಎಂದು ತೃಪ್ತಿಪಟ್ಟರು. ಒಂದು ಸೈಕಲ್ಲೂ ಅಲುಗುತ್ತಿರಲಿಲ್ಲ. ಆ ಬೀದಿಯಲ್ಲಿ ಬೀಳದ ಸೈಕಲ್ಲುಗಳನ್ನು ಜನ ಮೊದಲ ಸಲ ನೋಡಿದ್ದು. ಯಾರೋ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದರು.

ನಟ್ಟನಡುವಿನ ಹದಿನೆಂಟನೇ ಸಂದನ್ನು ಅಧಿಕಾರಿಗಳಿಗೆಂದು ಗೌರವದಿಂದ ಖಾಲಿ ಬಿಟ್ಟಿದ್ದೆವು. ಹತ್ತೊಂಬತ್ತನೆಯದು ನೇಕಾರರ ಸ್ವಂತ ಜಾಗ. ಸಾಹೇಬರು ಹಾಕಿದ ಮೇಲೆ ತಾವು ಹಾಕುವುದೆಂದು ಅವರು ಸೈಕಲ್ಲು ಹಿಡಿದು ಕಾದಿದ್ದರು.

ಸರಿಯಾಗಿ ಏಳಕ್ಕೆ ಅಧಿಕಾರಿಗಳು ಬಂದರು. ಸಮಯಕ್ಕೆ ಬರುವವರನ್ನು ಕಂಡರೆ ನನಗೆ ಗೌರವ. ಕಚೇರಿಯ ಜವಾನನ ಸೈಕಲ್ಲು, ಅವರ ಕಾಲಿಗೆ ಎತ್ತರ. ಇಳಿಯುವಾಗ ಕಂಬ ಹಿಡಿದು ಇಳಿದರು. ಎದುರು ಸಾಲಿನಲ್ಲಿ ಟೆಂಪೋದವರು ಚಹಾದ ಲೋಟ ಹಿಡಿದು ನಿಂತಿದ್ದರು. ಹದಿನೇಳರ ಹ್ಯಾಂಡಲ್ಲನ್ನು ಒಬ್ಬರು ಓರೆ ಹಿಡಿದರು, ಅಧಿಕಾರಿಗಳು ನೂಕಿದರು, ಹಿಂದಿನಿಂದ ಮೂವರು ಸಾಹೇಬರ ಸಮೇತ ನೂಕಿದರು. ಸೈಕಲ್ಲು ಹದಿನೆಂಟಕ್ಕೆ ಹೋಗಿ ಕೂತಿತು. ಚಪ್ಪಾಳೆ ಬಿತ್ತು. ಆ ಸಂತೋಷದಲ್ಲಿ ನೇಕಾರರು ತಮ್ಮ ಸೈಕಲ್ಲನ್ನು ಹತ್ತೊಂಬತ್ತಕ್ಕೆ ತಳ್ಳಿದರು, ಹದಿನೇಳರ ಹ್ಯಾಂಡಲ್ಲು ಹಿಡಿದಿದ್ದವರು ಅದನ್ನು ನೆಟ್ಟಗೆ ಬಿಟ್ಟರು. ಎರಡೂ ಹ್ಯಾಂಡಲ್ಲು ಎರಡು ಕಡೆಯಿಂದ ಬಂದು, ನಡುವೆ ನಿಂತಿದ್ದ ಅಧಿಕಾರಿಗಳ ಸೊಂಟದ ಬಳಿ ಬಾಗಿಲಿನಂತೆ ಮುಚ್ಚಿಕೊಂಡವು.

"ಬಾಳ ಚೆನ್ನಾಗಿದೆ," ಎಂದರು ಅಧಿಕಾರಿಗಳು, ಇನ್ನೂ ವಿಷಯ ತಿಳಿಯದೆ. "ಈಗ ತೆಗೀತೀನಿ."

ಸೈಕಲ್ಲು ಬರಲಿಲ್ಲ. ಇನ್ನೊಮ್ಮೆ ಎಳೆದರು. ಈ ಸಲ ಹದಿನೇಳರ ಗಂಟೆ ಬಾರಿಸಿತು. ಅದು ಅವರ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತ್ತು. ಆಮೇಲೆ ಅವರು ಉಸಿರು ಎಳೆದಾಗಲೆಲ್ಲ ಗಂಟೆ ಬಾರಿಸತೊಡಗಿತು. ನಿಯಮದ ಹಲಗೆಯ ಮೊದಲ ಸಾಲನ್ನು ನಾನು ನೋಡದಿರಲು ಪ್ರಯತ್ನಿಸಿದೆ.

ಆಗ ಎಲ್ಲರೂ ಮಾಡಬಾರದ್ದನ್ನು ಮಾಡಿದರು. ತಮ್ಮ ತಮ್ಮ ಸೈಕಲ್ಲು ತೆಗೆದರೆ ಸಾಹೇಬರಿಗೆ ದಾರಿಯಾಗುತ್ತದೆ ಎಂದು ಮೂವತ್ತು ಮಂದಿ ಒಟ್ಟಿಗೆ ಎಳೆದರು. ಸೈಕಲ್ಲುಗಳು ಬೇರೆಯಾಗುವ ಬದಲು ಇನ್ನೂ ಆಳವಾಗಿ ಹೆಣೆದುಕೊಂಡವು. ಒಂದು ತುದಿಯಲ್ಲಿ ಎತ್ತಿದರೆ ಇನ್ನೊಂದು ತುದಿಯ ಸೈಕಲ್ಲು ಮೇಲೇಳುತ್ತಿತ್ತು. ಒಮ್ಮೆಯಂತೂ ತೊಲೆ, ಸರಳು, ಮೂವತ್ತಾರು ಸೈಕಲ್ಲು ಎಲ್ಲವೂ ಜಮಖಾನೆಯಂತೆ ಒಂದಾಗಿ ನೆಲಬಿಟ್ಟು ಅರ್ಧ ಅಡಿ ಎದ್ದವು. ಅಧಿಕಾರಿಗಳು ಕಾಲ್ಬೆರಳ ಮೇಲೆ ನಿಂತರು. ಎದುರಿನ ಟೆಂಪೋದವರು ಚಹಾ ಚೆಲ್ಲಿಕೊಂಡು ನಕ್ಕರು. ಒಬ್ಬನು ಟೆಂಪೋದ ಹಾರನ್ ಒತ್ತಿ ಸಾಹೇಬರ ಗಂಟೆಗೆ ತಾಳ ಹಾಕಿದ. ಅಧಿಕಾರಿಗಳು ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಎಣಿಸಿಕೊಳ್ಳುವವರಂತೆ.

ಉಳಿ ತರೋಣವೆಂದು ಒಬ್ಬರು, ತೊಲೆ ಕೊಯ್ಯೋಣವೆಂದು ಇನ್ನೊಬ್ಬರು. ನೇಕಾರರು ಮಾತ್ರ ಕೊಯ್ಯಲು ಬಿಡಲಿಲ್ಲ. ಮಗ್ಗದ ಮೇಲಿನ ಬಟ್ಟೆಗೆ ಕತ್ತರಿ ಹಾಕಿದರೆ ಮನೆಗೆ ಒಳ್ಳೆಯದಲ್ಲ ಎಂದು ತೊಲೆಗೆ ಕೈ ಅಡ್ಡ ಹಿಡಿದು ನಿಂತರು. ಆಗ ಗದ್ದಲ ಕೇಳಿ ಅಕ್ಕ ಬಂದರು, ಕೈಯಲ್ಲಿ ಇನ್ನೂ ಅರ್ಧ ಬಿಡಿಸಿದ ನೂಲಿನ ಲಡಿ.

"ಕೈ ತೆಗೀರೋ ಎಲ್ಲಾ," ಎಂದರು ಅಕ್ಕ. "ಸಿಕ್ಕು ಬಿಡಿಸೋಕೆ ಎಳೀಬಾರ್ದು. ತುದಿ ಹುಡುಕ್ಬೇಕು. ಕೊನೇಗೆ ಹೋಗಿದ್ದು ಯಾವ್ದು, ಅದು ಮೊದ್ಲು ಬರುತ್ತೆ. ಯಾರದ್ದು ಕೊನೇದು?"

ನೇಕಾರರು ತಮ್ಮದು ಎಂದರು. ಅದರ ಹಿಂದಿನದು ಸಾಹೇಬರದು ಎಂದು ಎಲ್ಲರಿಗೂ ಗೊತ್ತು. ಆದರೆ ಅರ್ಧ ಗಂಟೆ ಎಳೆದಾಡಿದ್ದರಿಂದ ಆ ಎರಡನ್ನು ಬಿಡಿಸಿದರೆ ಸಾಲುತ್ತಿರಲಿಲ್ಲ. ಅವುಗಳ ಮೇಲೆಯೇ ಬೇರೆಯವು ಹತ್ತಿ ಕೂತಿದ್ದವು. ಅದಕ್ಕೆ ಹಿಂದಿನದು? ಅದಕ್ಕೂ ಹಿಂದಿನದು? ಪ್ರತಿಯೊಬ್ಬರೂ ತಾವೇ ಎಲ್ಲರಿಗಿಂತ ಮೊದಲು ಬಂದದ್ದೆಂದು ಹೇಳಿದರು. ನಾನು ನೋಟ್‌ಬುಕ್ಕು ತೆರೆದೆ. ಅದರಲ್ಲಿ ಮೂವತ್ತಾರು ಸಾಲು, ನಿಮಿಷದ ಸಮೇತ.

"ಓದಮ್ಮ," ಎಂದರು ಅಕ್ಕ.

ಅದೇ ಹೊತ್ತಿಗೆ ತಿರುವಿನಲ್ಲಿ ನನ್ನ ಬಸ್ಸು ಕಾಣಿಸಿತು. ಏಳು ನಲವತ್ತು. ಬಸ್ಸು ನಿಂತಿತು, ಕಂಡಕ್ಟರು ಮೆಟ್ಟಿಲಿನಿಂದ ಬಾಗಿ, "ನರ್ಸಮ್ಮ, ಬರ್ತೀರಾ?" ಎಂದ. ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಇಟ್ಟಿತು. ನೋಟ್‌ಬುಕ್ಕನ್ನು ನೇಕಾರರ ಕೈಗೆ ಕೊಟ್ಟು ಹೋಗಬಹುದಿತ್ತು. ಆದರೆ ಅವರು ಕನ್ನಡಕ ಮನೆಯಲ್ಲಿ ಬಿಟ್ಟಿದ್ದರು. ಮೇಲಾಗಿ ನನ್ನ ಅಕ್ಷರ ನನಗೆ ಮಾತ್ರ ಅರ್ಥವಾಗುವಂಥದು, ಡಾಕ್ಟರುಗಳ ಜೊತೆ ಕೆಲಸ ಮಾಡಿ ಬಂದದ್ದು. ಈ ಬಸ್ಸು ಹತ್ತಿದರೆ ಇವತ್ತು ಕೆಂಪು ಗೆರೆ ತಪ್ಪುತ್ತದೆ. ಜಾಗ ಟೆಂಪೋದವರಿಗೆ ಹೋಗುತ್ತದೆ, ನಾಳೆಯೋ ನಾಡಿದ್ದೋ ಕೆಂಪು ಗೆರೆ ಬಿದ್ದೇ ಬೀಳುತ್ತದೆ. ಹತ್ತದಿದ್ದರೆ ಕೆಂಪು ಗೆರೆ ಇವತ್ತೇ. ಎರಡರ ಕೊನೆಯಲ್ಲೂ ಮೇಕೆಗಳೇ ನಿಂತಿದ್ದವು.

"ನೀ ಹೋಗಪ್ಪಾ," ಎಂದೆ ಕಂಡಕ್ಟರಿಗೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಣ್ಣೆದುರಿಗೆ ಬಂದು ನಿಂತ ಬಸ್ಸನ್ನು ಬಿಟ್ಟದ್ದು ಅದೇ ಮೊದಲು.

ಓದಲು ಶುರು ಮಾಡಿದೆ. ಹತ್ತೊಂಬತ್ತು, ಜರಿಯಂಚು, ಏಳು ಗಂಟೆ ನಾಲ್ಕು ನಿಮಿಷ. ನೇಕಾರರು ಮುಂದೆ ಬಂದರು. ಅಕ್ಕ ಬೆರಳಿನಿಂದ ತೋರಿಸಿದರು, ಈ ಪೆಡಲು ಮೊದಲು ತಿರುಗಿಸಿ, ಆ ಬ್ರೇಕು ಎತ್ತಿ. ಅವರು ಮುಟ್ಟಲೇ ಇಲ್ಲ, ಬರೀ ನೋಡಿ ಹೇಳುತ್ತಿದ್ದರು. ಒಂದು ಸೈಕಲ್ಲು ಹೊರಬಂತು. ಹದಿನೆಂಟು ತುಸು ಅಲುಗಿತು, ನಿಂತಿತು. ಅದನ್ನು ಬಿಟ್ಟು ಮುಂದಿನದು: ಮೂವತ್ತೊಂದು, ಹಸಿರು ಚೌಕಳಿ. ಆಮೇಲೆ ಆರು, ಮಾವಿನಕಾಯಿ ಬುಟ್ಟಾ. ಆರರವನು ತನ್ನದು ಬುಟ್ಟಾ ಅಲ್ಲ, ಹಂಸ ಎಂದು ತಕರಾರು ತೆಗೆದ. ಅಕ್ಕ ಸೀಟು ನೋಡಿ, "ಹಂಸ ಆದ್ರೆ ಕೊಕ್ಕು ಎಲ್ಲಯ್ಯಾ?" ಎಂದರು. ಸೈಕಲ್ಲುಗಳು ಒಂದೊಂದಾಗಿ ಬರತೊಡಗಿದವು. ನಾನು ಕೊನೆಯ ಅಂಕಣದಲ್ಲಿ ಹೊರಗೆ ಬಂದ ಸಮಯ ಬರೆಯುತ್ತ ಹೋದೆ. ಹದಿಮೂರನೆಯ ಸೈಕಲ್ಲು ಹೊರಬಂದಾಗ ಹದಿನೇಳರ ಹ್ಯಾಂಡಲ್ಲು ತಾನಾಗಿ ಓರೆಯಾಯಿತು. ಅಧಿಕಾರಿಗಳ ಗುಂಡಿ ಹರಿದು ಬಿತ್ತು, ಗಂಟೆ ನಿಂತಿತು. ಅವರು ಜವಾನನ ಸೈಕಲ್ಲು ಹಿಡಿದು ಹಿಂದಕ್ಕೆ ಎಳೆದುಕೊಂಡು ತಾವೇ ಹೊರಗೆ ಬಂದರು. ಎಂಟು ಗಂಟೆ ಏಳು ನಿಮಿಷ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿಗಳು ಪ್ಯಾಂಟಿನ ಮೇಲಿನ ಗ್ರೀಸು ನೋಡಿಕೊಂಡರು. ಗುಂಡಿಯನ್ನು ಹುಡುಕಿ ಜೇಬಿಗೆ ಹಾಕಿಕೊಂಡರು. ಟೆಂಪೋದವರ ಮುಖ್ಯಸ್ಥ ನಗು ಒರೆಸಿಕೊಂಡು ಮುಂದೆ ಬಂದು, ಇನ್ನು ಜಾಗ ತಮ್ಮದೇ ತಾನೇ ಎಂದು ಕೇಳಿದ.

"ನಾನು ಹೇಳಿದ್ದೇನು?" ಎಂದರು ಅಧಿಕಾರಿಗಳು. "ನಾನೇ ಹಾಕ್ಬೇಕು, ನಾನೇ ತೆಗೀಬೇಕು ಅಂತ. ಹಾಕಿದ್ದೂ ಆಯ್ತು, ತೆಗೆದಿದ್ದೂ ಆಯ್ತು. ಎಷ್ಟೊತ್ತಲ್ಲಿ ಅಂತ ನಾನು ಹೇಳಿರ್ಲಿಲ್ಲ." ಆಮೇಲೆ ಮೆಲ್ಲಗೆ ಸೇರಿಸಿದರು: "ಹಾರನ್ ಹೊಡ್ದೋನು ಯಾರಪ್ಪಾ?"

ಮುಖ್ಯಸ್ಥ ಹಿಂದೆ ತಿರುಗಿ ನೋಡಿದ. ಟೆಂಪೋಗಳು ಆಗಲೇ ಒಂದೊಂದಾಗಿ ಹೊರಟಿದ್ದವು.

ಜಾಗ ಸೈಕಲ್ಲಿಗೆ ಸಿಕ್ಕಿತು, ಒಂದು ಷರತ್ತಿನ ಮೇಲೆ. ಎರಡೆರಡು ಸಂದು ಸೇರಿಸಿ ಒಂದು ಮಾಡಬೇಕು. ಮೂವತ್ತಾರರ ಜಾಗದಲ್ಲಿ ಹದಿನೆಂಟು. ನೇಕಾರರ ಮುಖ ಸಪ್ಪೆಯಾಯಿತು. ನನಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಮುಂದಿನ ಬಸ್ಸು ಎಂಟೂವರೆಗೆ, ಕೇಂದ್ರ ತಲುಪುವಾಗ ಒಂಬತ್ತೂವರೆ, ಮೂರನೆಯ ಕೆಂಪು ಗೆರೆ, ಕೋಣೆ. ಅದನ್ನೇ ಅಕ್ಕನ ಹತ್ತಿರ ಹೇಳಿದೆ. ಅಕ್ಕ ಹೋಗಿ ನೇರವಾಗಿ ಸಾಹೇಬರಿಗೆ ಹೇಳಿದರು. ನಿಮ್ಮನ್ನು ಬಿಡಿಸಲು ಹೋಗಿ ಈ ಅಮ್ಮ ಮೇಕೆಗಳ ಜೊತೆ ಇರಬೇಕಾಗಿದೆ, ಏನಾದರೂ ಮಾಡಿ ಎಂದರು. ಅಧಿಕಾರಿಗಳಿಗೆ ಮೇಕೆಯ ವಿಷಯ ಅರ್ಥವಾಗಲಿಲ್ಲ. ಆದರೂ ನನ್ನ ನೋಟ್‌ಬುಕ್ಕಿನಿಂದಲೇ ಒಂದು ಹಾಳೆ ಕೇಳಿ, ಸೈಕಲ್ಲಿನ ಸೀಟಿನ ಮೇಲಿಟ್ಟು ಬರೆದರು. ಕಾಗದ ನನ್ನ ಹತ್ತಿರ ಬಹಳ ವರ್ಷ ಇತ್ತು, ಬಾಯಿಪಾಠವಾಗಿದೆ:

"ಸದರಿ ನರ್ಸ್‌ರವರು ಈ ದಿನ ಬೆಳಿಗ್ಗೆ ಸಾರ್ವಜನಿಕ ಹಿತದೃಷ್ಟಿಯಿಂದ, ಕೆಳಗೆ ಸಹಿ ಮಾಡಿರುವವರನ್ನು ಸೈಕಲ್ಲುಗಳ ಮಧ್ಯದಿಂದ ಬಿಡಿಸುವ ತುರ್ತು ಕಾರ್ಯದಲ್ಲಿ ನಿರತರಾಗಿದ್ದರೆಂದು ದೃಢೀಕರಿಸಲಾಗಿದೆ."

ಕೆಳಗೆ ಸಹಿ, ದಿನಾಂಕ, ಮೂಲೆಯಲ್ಲಿ ಸ್ವಲ್ಪ ಗ್ರೀಸು.

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಎರಡನೆಯ ಸಲ ಕಾಂಪೌಂಡರನ್ನೂ ಕರೆದು ಗಟ್ಟಿಯಾಗಿ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ಹಿಡಿದುಕೊಂಡು, "ಪೇಷಂಟು ಹೇಗಿದಾರೆ ಸಿಸ್ಟರ್?" ಎಂದರು.

"ಆರಾಮಾಗಿದಾರೆ ಸಾರ್. ಒಂದು ಗುಂಡಿ ಹೋಗಿದೆ."

ಅವರು ಮುಚ್ಚಳ ಹಾಕಿ ಪೆನ್ನು ಜೇಬಿಗಿಟ್ಟರು. ತುರ್ತು ಚಿಕಿತ್ಸೆ ಎಲ್ಲಿ ಕೊಟ್ಟರೂ ಕರ್ತವ್ಯವೇ ಎಂದು ಹಾಜರಿ ಪುಸ್ತಕದಲ್ಲಿ ನೀಲಿ ಮಸಿಯಲ್ಲಿ ಬರೆದರು. ಹೊರಗೆ ಕಾವಲುಗಾರ ಆಗಲೇ ಕೋಣೆಯಿಂದ ಮೇಕೆಗಳನ್ನು ಹೊರಗೆಳೆದು ನೆಲ ಗುಡಿಸುತ್ತಿದ್ದ. ಬೇಡವಂತೆ ಕಣಪ್ಪಾ ಎಂದೆ. ಅವನು ಮತ್ತೆ ಅವುಗಳನ್ನು ಒಳಗೆ ಕಳಿಸಿದ. ಮೇಕೆಗಳು ನನ್ನನ್ನು ನೋಡಲೂ ಇಲ್ಲ.

ಮುಂದಿನ ಭಾನುವಾರ ನೇಕಾರರು ಇಕ್ಕಳ ಹಿಡಿದು ಸ್ಟ್ಯಾಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಬಿಟ್ಟು ಒಂದು ಸರಳು ಕೀಳುತ್ತಿದ್ದರು, ಕಿತ್ತದ್ದನ್ನು ಪಕ್ಕದಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಹದಿನೆಂಟನೆಯದನ್ನು ಕಿತ್ತ ಮೇಲೆ ಎದ್ದು ದೂರ ಸರಿದು ನೋಡಿದರು.

"ಸೀರೆ ನೇಯಕ್ಕೆ ಹೋಗಿ ಸೊಳ್ಳೆಪರದೆ ಆಯ್ತು ನರ್ಸಮ್ಮ," ಎಂದರು, ಬೀದಿಗೆಲ್ಲ ಕೇಳುವಂತೆ.

ನನಗೂ ಒಂದು ಕೆಲಸ ಉಳಿದಿತ್ತು. ಒಂದು, ಮೂರು, ಐದು ಎಂದು ಬೆಸ ಸಂಖ್ಯೆಗಳು ಮಾತ್ರ ಉಳಿದಿದ್ದವು. ಸರಿ ಸಂಖ್ಯೆಯವರು ತಮ್ಮ ಜಾಗ ಎಲ್ಲಿ ಎಂದು ಜಗಳಕ್ಕೆ ಬಂದರು. ಎಲ್ಲವನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಮೊದಲಿನಿಂದ ಹದಿನೆಂಟರವರೆಗೆ ಮತ್ತೆ ಬರೆದೆ. ಮೊದಲು ಬಂದವರಿಗೆ ಮೊದಲ ಜಾಗ ಎಂದು ಹಲಗೆಗೂ ಒಂದು ಸಾಲು ಸೇರಿಸಿದೆ. ಜಾಗ ಸಿಕ್ಕದ ಮಿಕ್ಕವರು ಹಳೆಯ ಗೋಡೆಗೇ ಒರಗಿಸಿದರು. ಹದಿನೆಂಟು ಕಡಿಮೆಯಾದ್ದರಿಂದ ರಾಶಿ ಬೀದಿಯ ನಡುವಿನವರೆಗೆ ಬರಲಿಲ್ಲ, ಟ್ರ್ಯಾಕ್ಟರೂ ಬರಲಿಲ್ಲ.

ಸೋಮವಾರ ಏಳು ಮೂವತ್ತಾರಕ್ಕೆ ಹೋದಾಗ ಐದನೇ ಸಂದು ಖಾಲಿ ಇತ್ತು. ಸೈಕಲ್ಲು ಹಾಕಿದೆ. ತೆಗೆದೆ. ಬಂತು. ಮತ್ತೆ ಹಾಕಿ, ಬೀಗ ಹಾಕಿ, ಬಸ್ಸು ಹತ್ತಿದೆ.